ಹಣ್ಣಾಗದ ಹುಳಗಳು

ಕಾಲೇಜಿನಲ್ಲಿ ಪಾಠ ಹೇಳುವ ಗಂಡಸರಿಗೆ ಒಂದು ಚಟವಿರುತ್ತದೆ. ಗಂಟೆ ಬಾರಿಸಿದ ಮೇಲೂ ಪಾಠ ನಿಲ್ಲಿಸುವುದಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಮುಂದುವರಿಸುತ್ತಾರೆ. ನಮ್ಮ ಅರ್ಥಶಾಸ್ತ್ರದ ಮಾಸ್ತರರು ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ ಬೇಡಿಕೆ, ಪೂರೈಕೆ ವಿವರಿಸಿ ಬರಿಗೈಲಿ ಬರುತ್ತಿದ್ದರು. ನಾನು ಪ್ರಾಣಿಶಾಸ್ತ್ರದವನು. ನನ್ನಿಂದ ಅಪಾಯ ಇನ್ನೂ ಹೆಚ್ಚು.

ಎಂಬತ್ತರ ದಶಕದ ಕೊನೆಯ ಮಾತು. ಚಿಕ್ಕೋಡಿಯ ನಮ್ಮ ಬಾಡಿಗೆ ಮನೆಯ ಹಿತ್ತಿಲ ಕೋಣೆಯಲ್ಲಿ ನನ್ನ ಹೆಂಡತಿ ಸುನಂದಾ ರೇಷ್ಮೆಹುಳ ಸಾಕತೊಡಗಿದಳು. ಹಾರೂಗೇರಿಯಲ್ಲಿ ಅದನ್ನೇ ಮಾಡುತ್ತಿದ್ದ ಅವಳ ಅಣ್ಣ ಭೀಮಣ್ಣ, ಪ್ಯಾಟಿ ಸೇರಿದವಳಿಂದ ಇದು ಆಗುವ ಕೆಲಸವಲ್ಲ ಎಂದು ನಕ್ಕಿದ್ದ. ಅವನಿಗೆ ಗೂಡು ತೋರಿಸಿಯೇ ತೀರುತ್ತೇನೆಂದು ಇವಳು ಹಟ ಹಿಡಿದಳು. ಹುಳಗಳು ನಾಲ್ಕನೇ ಸಲ ಪೊರೆ ಬಿಟ್ಟು ಹಪಹಪಿಸಿ ಸೊಪ್ಪು ಮೇಯತೊಡಗಿದಾಗ ನನ್ನೊಳಗಿನ ಮಾಸ್ತರ ಎದ್ದ. ಹುಳದ ತಲೆಯ ಬಳಿ ಒಂದು ಗ್ರಂಥಿ ಇದೆ, ಅದರ ಹಾರ್ಮೋನು ಇರುವತನಕ ಹುಳ ಎಳೆಯದಾಗಿಯೇ ಇರುತ್ತದೆ, ಕಾಲ ಬಂದಾಗ ವಂಶವಾಹಿಗಳು ಅಪ್ಪಣೆ ಕೊಟ್ಟು ಅದನ್ನು ನಿಲ್ಲಿಸುತ್ತವೆ, ಆಗಲೇ ಹುಳ ಹಣ್ಣಾಗಿ ಗೂಡು ಕಟ್ಟುವುದು ಎಂದು ವಿವರಿಸಿದೆ. ಹೊರಗಿನಿಂದ ಆ ಹಾರ್ಮೋನು ಕೊಟ್ಟು ತುಸು ತಡಮಾಡಿದರೆ ಇನ್ನಷ್ಟು ತಿಂದು ದಪ್ಪ ಗೂಡು ಕಟ್ಟುತ್ತವೆ ಎಂದೂ ಆಸೆ ತೋರಿಸಿದೆ. ಸುನಂದಾ ಯೋಚಿಸಿ ಒಂದೇ ಒಂದು ಬುಟ್ಟಿ ನನ್ನ ಪಾಲಿಗೆ ಬಿಟ್ಟಳು.

ಔಷಧದ ಬಾಟಲಿ ಕೊಟ್ಟ ಧಾರವಾಡದ ಗೆಳೆಯ, ಸೊಪ್ಪಿಗೆ ಚಿಮುಕಿಸುವ ನೀರಿಗೆ ಒಂದೇ ಹನಿ ಸಾಕು ಎಂದಿದ್ದ. ನಾನು ಸ್ವಭಾವತಃ ಧಾರಾಳಿ. ಸುನಂದಾಳ ಹುಳಗಳೆಲ್ಲ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟೆ ಏರಿ ಬೆಳ್ಳಗೆ ಗೂಡು ಕಟ್ಟಿದವು. ನನ್ನವು ತಿನ್ನುತ್ತಲೇ ಇದ್ದವು. ಬೆರಳಿನಷ್ಟು ದಪ್ಪಗಾದರೂ ಗೂಡಿನ ನೆನಪೇ ಇಲ್ಲ. ಹಾರ್ಮೋನು ಹೆಚ್ಚಾದರೆ ಮರಿಹುಳದ ಸ್ಥಿತಿಯೇ ಮುಂದುವರಿಯುತ್ತದೆ ಎಂದು ಪುಸ್ತಕದಲ್ಲಿದೆ. ಅಷ್ಟು ದಿನ ಸೊಪ್ಪು ಯಾರು ಹೊರಬೇಕೆಂದು ಬರೆದಿಲ್ಲ. ಊರಾಚೆಯ ತೋಟದಿಂದ ಸೈಕಲ್ಲಿಗೆ ಹೊರೆ ಕಟ್ಟಿಕೊಂಡು ಬರುವಾಗ ಎದುರಾದ ಶಿಷ್ಯಂದಿರು, ಎಮ್ಮಿ ಕಟ್ಟೀರೇನ್ರಿ ಸರ್ ಎಂದು ವಿಚಾರಿಸುತ್ತಿದ್ದರು.

ಅಷ್ಟರಲ್ಲಿ ಭೀಮಣ್ಣ ಬಂದ. ತಂಗಿಯ ಗೂಡುಗಳನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದವನೇ ಅವಳ ತಲೆ ಸವರಿದ. ಅವಳ ಕಣ್ಣು ತುಂಬಿತು. ಆಮೇಲೆ ನನ್ನ ಬುಟ್ಟಿಯ ಕಡೆ ತಿರುಗಿ, ಇವಕ್ಕೇನಾಗಿದೆ ಎಂದ.

"ಅವು ಇವರು ಸಾಕಿದ್ವು ಅಣ್ಣಾ," ಎಂದಳು ಸುನಂದಾ. "ಹೊತ್ತಹೊತ್ತಿಗೆ ಉಣ್ತಾವ, ಒಟ್ಟ ದೊಡ್ಡವಾಗವಲ್ವು."

ನಾನು ಇಡೀ ಶಾಸ್ತ್ರವನ್ನು ಮತ್ತೆ ಹೇಳಬೇಕಾಯಿತು. ಭೀಮಣ್ಣ ಗಂಭೀರವಾಗಿ ಕೇಳಿ, ನರೆತ ಮೀಸೆ ತಿರುವುತ್ತ ಹತ್ತಿರ ಸರಿದ. ನಮ್ಮ ಸೀಮೆಯಲ್ಲಿ ತಂಗಿಯ ಗಂಡನನ್ನು ಮರಾಠಿಯವರಂತೆ ದಾಜಿ ಎನ್ನುವುದುಂಟು. "ದಾಜೀ, ಬಾಟ್ಲ್ಯಾಗ ಇನ್ನೊಂದೀಟು ಉಳದೈತೇನ್ರಿ?" ಎಂದು ಪಿಸುಗುಟ್ಟಿದ.

ಅದು ಹುಳಕ್ಕಷ್ಟೇ, ಮನುಷ್ಯರ ಮೇಲೆ ನಡೆಯದು ಎಂದು ವಿಜ್ಞಾನಿಯ ಗತ್ತಿನಲ್ಲಿ ತಿಳಿಹೇಳಿ ಚಹಾ ಕುಡಿಸಿ ಕಳಿಸಿದೆ. ಅದೇ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಬೋಳಾಗುತ್ತಿದ್ದ ನನ್ನ ನೆತ್ತಿಗೆ ಆ ಬಾಟಲಿಯ ಕೊನೆಯ ಹನಿ ಸವರಿಕೊಂಡಿದ್ದೆನೆಂದು ಅವನಿಗೇಕೆ ಹೇಳಲಿ? ಹೇಳುವ ಅಗತ್ಯವೂ ಬೀಳಲಿಲ್ಲ. ಅವನನ್ನು ಬಸ್ಸಿಗೆ ಬಿಡಲು ಹೋದ ಸುನಂದಾ ದಾರಿಯಲ್ಲೇ ಹೇಳಿಬಿಟ್ಟಿದ್ದಳು.