ಹಲ್ಲಿನ ಡಾಕ್ಟರ ಅಲ್ಲಾಡುವ ಕುರ್ಚಿ

ಹೆಂಡತಿಯನ್ನು ಒಂದು ಇಡೀ ಸಿನಿಮಾ ಮುಗಿಯುವವರೆಗೆ ಎಚ್ಚರವಾಗಿ ಕೂರಿಸಿಯೇ ತೀರುತ್ತೇನೆ ಎಂದು ಹಲ್ಲಿನ ಡಾಕ್ಟರು ಶಪಥ ಮಾಡಿದ್ದು ಊಟದ ಮೇಜಿನ ಮುಂದೆ, ಚಮಚ ಎತ್ತಿ ಹಿಡಿದು. ಹಿಂದಿನ ಕಾಲದ ಸೇನಾಪತಿಗಳು ಇಂಥ ಹೊತ್ತಿನಲ್ಲಿ ಕತ್ತಿ ಎತ್ತುತ್ತಿದ್ದರಂತೆ. ಇವರ ಕೈಗೆ ಸಿಕ್ಕಿದ್ದು ಚಮಚ. ಶಪಥವನ್ನು ಕೇಳಬೇಕಾದವರು ಆಗಲೇ ಕೆನ್ನೆಗೆ ಕೈಯೂರಿ ಅರೆಗಣ್ಣಾಗಿದ್ದರು.

ಪಾಪ, ಅವರದೂ ತಪ್ಪಲ್ಲ. ಡಾಕ್ಟರ ಹೆಂಡತಿ ಶಿಶುವಿಹಾರದಲ್ಲಿ ಟೀಚರು. ಮಧ್ಯಾಹ್ನವಾದರೆ ಒಂದು ಕೋಣೆ ತುಂಬ ಮಕ್ಕಳ ಬೆನ್ನು ತಟ್ಟಿ, ಕಥೆ ಹೇಳಿ, ಒಬ್ಬೊಬ್ಬರನ್ನಾಗಿ ಮಲಗಿಸುವುದು ಅವರ ಕೆಲಸ. ಮಲಗಲು ಒಪ್ಪದ ಮಕ್ಕಳ ಪಾಲಿನ ನಿದ್ದೆಯೆಲ್ಲ ಸಂಜೆ ಟೀಚರಮ್ಮನ ಕಣ್ಣಿಗೇ ಬಂದು ಕೂರುತ್ತಿತ್ತು. ಮನೆಯ ಹಿಂದಿನ ಕೋಣೆಯನ್ನು ಡಾಕ್ಟರು ಆಸೆಪಟ್ಟು ಚಿತ್ರಮಂದಿರ ಮಾಡಿಕೊಂಡಿದ್ದರು: ಗೋಡೆಯಗಲ ಪರದೆ, ಮೂಲೆಮೂಲೆಗೆ ಸ್ಪೀಕರು, ಕಿಟಕಿಗೆ ದಪ್ಪ ಕರ್ಟನ್ನು. ಅಲ್ಲಿ ದೀಪ ಆರಿದ್ದೇ ತಡ, ಪರದೆಯ ಮೇಲೆ ಹೆಸರುಗಳು ಮೂಡುವಷ್ಟರಲ್ಲಿ ಟೀಚರಮ್ಮನ ತಲೆ ವಾಲುತ್ತಿತ್ತು. ಖಳನಾಯಕ ಬರುವ ಹೊತ್ತಿಗೆ ಸಣ್ಣಗೆ ಗೊರಕೆ. ಎಲ್ಲರೂ ರಾಜಿಯಾಗಿ ಅಪ್ಪಿಕೊಂಡು ನಿಂತಾಗ ಎಚ್ಚರಾಗಿ, ಚೆನ್ನಾಗಿತ್ತು ಅಲ್ವಾ ಎನ್ನುತ್ತಿದ್ದರು.

ಡಾಕ್ಟರಿಗೆ ನಗು ಬರುವ ದೃಶ್ಯದಲ್ಲಿ ನಕ್ಕು ಪಕ್ಕಕ್ಕೆ ತಿರುಗುವ ಅಭ್ಯಾಸ. ತಿರುಗಿದರೆ ಅಲ್ಲಿ ಆ ನಗುವನ್ನು ಈಸಿಕೊಳ್ಳಲು ಯಾರೂ ಇಲ್ಲ. ಅರ್ಧ ನಗು ಮುಖದ ಮೇಲೆಯೇ ಉಳಿದು, ತಾನಾಗಿ ಆರಿಹೋಗುತ್ತಿತ್ತು. ಅದೊಂದು ಸಣ್ಣ ಒಂಟಿತನ. ಸಣ್ಣದಾದರೂ ಅದು ಒಂಟಿತನವೇ.

ಗಟ್ಟಿ ಕಾಫಿ ಕುಡಿಸಿ ನೋಡಿದರು. ಫ್ಯಾನು ಜೋರು ಮಾಡಿ ನೋಡಿದರು. ದೆವ್ವದ ಸಿನಿಮಾ ಹಾಕಿದರು. ದೆವ್ವ ಬರುವ ಮೊದಲೇ ಟೀಚರಮ್ಮ ಬೇರೆ ಲೋಕಕ್ಕೆ ಹೋಗಿಯಾಗಿತ್ತು. ಕೊನೆಗೆ ಕಣ್ಣಿಗೆ ಬಿದ್ದದ್ದು ಅಲ್ಲಾಡುವ ಕುರ್ಚಿಯ ಜಾಹೀರಾತು. ಪರದೆಯ ಮೇಲೆ ಕಾರು ತಿರುಗಿದರೆ ಕುರ್ಚಿಯೂ ವಾಲುತ್ತದಂತೆ, ಬಾಂಬು ಸಿಡಿದರೆ ಎಗರುತ್ತದಂತೆ. ಎಗರುವ ಕುರ್ಚಿಯಲ್ಲಿ ಯಾರು ತಾನೇ ಮಲಗಿಯಾರು!

ಟೀಚರಮ್ಮನಿಗೆ ವಿಷಯ ತಿಳಿದಾಗ ಅವರು ಪೂರ್ತಿ ಎಚ್ಚರವಾಗಿದ್ದರು.

"ಲೋಕದಲ್ಲಿ ಎಲ್ಲರೂ ತಮ್ಮ ಕುರ್ಚಿ ಅಲ್ಲಾಡದೇ ಇದ್ರೆ ಸಾಕಪ್ಪಾ ಅಂತಾರೆ. ನೀವು ದುಡ್ಡು ಕೊಟ್ಟು ಅಲ್ಲಾಡೋ ಕುರ್ಚಿ ತರ್ತೀರಾ?"

"ಅದು ಬೇರೆ ಕುರ್ಚಿ ಕಣೇ."

"ಅಲ್ರೀ, ಬೆಳಗಾದ್ರೆ ಅಲ್ಲಾಡೋದನ್ನ ಕಿತ್ತು ಬಿಸಾಕೋದೇ ನಿಮ್ಮ ಕಸುಬು. ಇದನ್ನ ಮಾತ್ರ ಯಾಕೆ ಮನೆ ತುಂಬಿಸ್ಕೋತೀರಿ?"

ಡಾಕ್ಟರು ಎದೆಯುಬ್ಬಿಸಿದರು. ಹಲ್ಲಿನ ಡಾಕ್ಟರೆಂದರೆ ಅರ್ಧ ಹಲ್ಲಿನ ವಿದ್ಯೆ, ಅರ್ಧ ಕುರ್ಚಿಯ ವಿದ್ಯೆ. ಮನುಷ್ಯನನ್ನು ಏರಿಸಿ, ಇಳಿಸಿ, ಒರಗಿಸಿ ತಲೆ ನರೆತವನು ತಾನು. ಕುರ್ಚಿಯ ವಿಷಯದಲ್ಲಿ ತನಗೆ ಪಾಠ ಹೇಳುವವರು ಇನ್ನೂ ಹುಟ್ಟಬೇಕು ಎಂದರು.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಸಿನಿಮಾದ ಜೊತೆಗೆ ತಂತಿಯಲ್ಲಿ ಬೆಸೆದುಕೊಂಡು, ಹೇಳಿದಲ್ಲಿ ಮಾತ್ರ ಅಲ್ಲಾಡುವ ಶಿಸ್ತಿನ ಕುರ್ಚಿ. ಅದು ಹೊರದೇಶದಿಂದ ಬರಬೇಕು, ಕಾಯಬೇಕು. ಇನ್ನೊಂದಕ್ಕೆ ಸಿನಿಮಾದ ಜೊತೆ ಬೆಸೆಯುವ ತಂತಿ ಬೇಡ, ಕರೆಂಟಿನ ಪ್ಲಗ್ಗೊಂದು ಸಾಕು. ಅದರ ಅಡಿಯಲ್ಲಿ ಕಿವಿಯಂಥ ಒಂದು ಪೆಟ್ಟಿಗೆ. ಕೋಣೆಯಲ್ಲಿ ಏಳುವ ದಪ್ಪ ಸದ್ದನ್ನೆಲ್ಲ ಕೇಳಿಸಿಕೊಂಡು ಕುಣಿಯುತ್ತದೆ. ಶಿಸ್ತಿನದೇ ಒಳ್ಳೆಯದು ಸಾರ್ ಎಂದು ಅಂಗಡಿಯವನೇ ಹೇಳಿದರೂ, ಕಾಯುವ ತಾಳ್ಮೆ ಇಲ್ಲದ ಡಾಕ್ಟರು ಕಿವಿಯದನ್ನೇ ಎತ್ತಿಸಿದರು. ಇಬ್ಬರು ಒತ್ತಾಗಿ ಕೂರುವ, ಬೆನ್ನು ಹಿಂದಕ್ಕೆ ಬಾಗುವ, ಕರಿಯ ಚರ್ಮದ ಕುರ್ಚಿ. ಮನೆಗೆ ಬಂದಾಗ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲನ್ನೇ ಕಳಚಿದರು.

ಕುರ್ಚಿಯ ಉದ್ಘಾಟನೆಯಾದದ್ದು ಮಾತ್ರ ಡಾಕ್ಟರ ಕೈಯಿಂದಲ್ಲ. ಅವರ ಅತ್ತೆ, ಎಂದರೆ ಟೀಚರಮ್ಮನ ತಾಯಿ, ಇವರ ಜೊತೆಯಲ್ಲೇ ಇದ್ದರು. ಭಾನುವಾರ ಬೆಳಿಗ್ಗೆ ಮೆತ್ತನೆಯ ಜಾಗ ಕಂಡು, ಬಟಾಣಿ ಬಿಡಿಸಿಕೊಳ್ಳೋಣ ಎಂದು ಬಟ್ಟಲು ಹಿಡಿದು ಅದರ ಮೇಲೆ ಕೂತರು. ಪಕ್ಕದ ಬಚ್ಚಲಲ್ಲಿ ಬಟ್ಟೆ ಒಗೆಯುವ ಮಷೀನು ಹಿಂಡುವ ಘಟ್ಟಕ್ಕೆ ಬಂದು ಗುಡುಗತೊಡಗಿತು. ಕುರ್ಚಿಗೆ ಅದು ಕೇಳಿಸಿತು. ಸಿನಿಮಾ ಯಾವುದು, ಮಷೀನು ಯಾವುದು ಎಂಬ ಭೇದ ಅದಕ್ಕೆ ಎಲ್ಲಿಯದು? ಅತ್ತೆಯವರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಆಮೇಲೆ ಮುಂದಕ್ಕೆ ಜಾರಿ ನೆಲದ ಜಮಖಾನದ ಮೇಲೆ ಬಂದು ಕೂತರು. ಬಟಾಣಿ ಕೋಣೆಯಿಡೀ ಹರಡಿತು. ಓಡಿಬಂದ ಡಾಕ್ಟರನ್ನು ಅವರು ಕೂತಲ್ಲಿಂದಲೇ ಶಾಂತವಾಗಿ ನೋಡಿದರು.

"ಅಳಿಯಂದಿರೇ, ಹೊರಡಿ ಅಂತ ಬಾಯಲ್ಲೇ ಹೇಳಿದ್ರೆ ಹೊರಡ್ತಿದ್ನಲ್ಲ. ಇದಕ್ಕೆ ಯಾಕೆ ಹೇಳಿಕೊಟ್ರಿ?"

ಡಾಕ್ಟರು ಬಟಾಣಿ ಆರಿಸುತ್ತ ಆರಿಸುತ್ತ, ಅದು ಮಷೀನಿನ ತಪ್ಪೆಂದೂ, ಕುರ್ಚಿಯ ಕಿವಿ ಎಷ್ಟು ಚುರುಕು ನೋಡಿ ಎಂದೂ ಸಮಾಧಾನ ಹೇಳಿದರು. ಅತ್ತೆಯವರು ತಮ್ಮ ಮೊಣಕಾಲನ್ನೇ ನೋಡಿಕೊಂಡರು.

ಅದೇ ದಿನ ಮಧ್ಯಾಹ್ನ, ಊಟವಾದ ಮೇಲೆ, ನಿಜವಾದ ಪರೀಕ್ಷೆ. ಡಾಕ್ಟರು ಬಹಳ ಯೋಚಿಸಿ ರೈಲಿನ ಸಾಹಸದ ಸಿನಿಮಾ ಆರಿಸಿದ್ದರು. ಅಲ್ಲಾಟದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಟೀಚರಮ್ಮ ಪಕ್ಕದಲ್ಲಿ ಬಂದು ಕೂತು, ನಿಮಗೋಸ್ಕರ ಕೂತಿದ್ದೀನಿ, ಬಿದ್ದರೆ ಹಿಡಿದುಕೊಳ್ಳಬೇಕು ಎಂದರು. ಆ ಮಾತಿಗೆ ಡಾಕ್ಟರ ಮನಸ್ಸು ಮದುವೆಯ ಹೊಸತಿನಲ್ಲಿ ಆದಷ್ಟು ಹಗುರಾಯಿತು.

ರೈಲು ಹೊರಟಿತು. ಕುರ್ಚಿ ಗಡಗಡ, ಗಡಗಡ ಎಂದು ಹದವಾಗಿ ತೂಗತೊಡಗಿತು. ಡಾಕ್ಟರು ಲೆಕ್ಕ ತಪ್ಪಿದ್ದು ಇಲ್ಲೇ. ರೈಲಿನಲ್ಲಿ ಎಚ್ಚರವಾಗಿರುವವರು ಎಷ್ಟು ಜನ? ಎಚ್ಚರಿಸಲು ತಂದ ಕುರ್ಚಿ ತೊಟ್ಟಿಲಾಯಿತು. ದಿನವೂ ಊರ ಮಕ್ಕಳನ್ನೆಲ್ಲ ತಟ್ಟಿ ಮಲಗಿಸುವ ಟೀಚರಮ್ಮನನ್ನು ತಟ್ಟಿ ಮಲಗಿಸಲು ಕೊನೆಗೂ ಒಬ್ಬರು ಸಿಕ್ಕಂತಾಯಿತು. ಮೊದಲ ನಿಲ್ದಾಣ ಬರುವ ಮೊದಲೇ ಅವರು, ಹಿಂದೆಂದೂ ಮಾಡದಂಥ ಗಾಢ ನಿದ್ದೆಯಲ್ಲಿ, ತಲೆ ಹಿಂದಕ್ಕೆ ಒರಗಿಸಿ, ಬಾಯಿ ಅಗಲವಾಗಿ ತೆರೆದು ಮಲಗಿದ್ದರು.

ಡಾಕ್ಟರು ತಿರುಗಿ ನೋಡಿದರು. ಮೊದಲು ಬೇಸರವಾಯಿತು. ಆಮೇಲೆ ಆಗಿದ್ದನ್ನು ಹಲ್ಲಿನ ಡಾಕ್ಟರುಗಳು ಮಾತ್ರ ಅರ್ಥ ಮಾಡಿಕೊಂಡಾರು. ಒರಗಿದ ಕುರ್ಚಿ, ಹಿಂದಕ್ಕೆ ಬಾಗಿದ ತಲೆ, ತೆರೆದ ಬಾಯಿ, ಪರದೆಯಿಂದ ಮುಖದ ಮೇಲೆ ಬೀಳುವ ಬೆಳಕು. ಕೈ ತಾನಾಗಿಯೇ ಜೇಬಿನಿಂದ ಪುಟ್ಟ ಟಾರ್ಚು ತೆಗೆಯಿತು. ಬಾಯಿ ತಾನಾಗಿಯೇ "ಹಾಂ, ಇನ್ನೂ ಸ್ವಲ್ಪ ಅಗಲ" ಎಂದು ಮೆಲ್ಲಗೆ ಹೇಳಿತು. ಮದುವೆಯಾದಾಗಿನಿಂದ ಒಂದು ಸಲವೂ ತನ್ನ ಆಸ್ಪತ್ರೆಯ ಕುರ್ಚಿ ಹತ್ತದ ಹೆಂಡತಿಯ ಬಾಯಿ! ಎಡಗಡೆ, ಕೆಳಗೆ, ಹಿಂದಿನ ದವಡೆ ಹಲ್ಲಿನ ಮೇಲೆ ಒಂದು ಕಪ್ಪು ಚುಕ್ಕಿ. ಹುಳುಕೋ, ಬರಿಯ ಕಲೆಯೋ? ಮುಟ್ಟಿ ನೋಡಿದರೆ ತಿಳಿಯುತ್ತದೆ. ತೋರುಬೆರಳು ಒಳಗೆ ಹೋಯಿತು.

ಪರದೆಯ ಮೇಲೆ ಸೇತುವೆ ಸಿಡಿದದ್ದು ಆಗಲೇ.

ಕುರ್ಚಿ ಹಿಂದಕ್ಕೊಮ್ಮೆ ಸೇದಿ ಮುಂದಕ್ಕೆ ಎಗರಿತು. ಟೀಚರಮ್ಮನ ಬಾಯಿ ಟಪ್ಪೆಂದು ಮುಚ್ಚಿತು. ಡಾಕ್ಟರು ಹುಲಿಯ ಹಾಗೆ ಕೂಗಿದರು. ಅವರದು ಮೊದಲೇ ಗಡಸು ಕಂಠ. ಕುರ್ಚಿಯ ಕಿವಿಗೆ ಅದು ಬಾಂಬಿಗಿಂತ ಸೊಗಸಾಗಿ ಕೇಳಿಸಿತು. ಅದು ಇನ್ನೂ ಹುರುಪಿನಿಂದ ಕುಣಿಯಿತು. ಕುಣಿದಷ್ಟೂ ಹಲ್ಲು ಬಿಗಿಯಿತು, ಬಿಗಿದಷ್ಟೂ ಡಾಕ್ಟರು ಕೂಗಿದರು, ಕೂಗಿದಷ್ಟೂ ಕುರ್ಚಿ ಕುಣಿಯಿತು. ಎಚ್ಚರಾದ ಟೀಚರಮ್ಮ, ತಾನು ಎಲ್ಲಿದ್ದೇನೆ, ಬಾಯಲ್ಲಿರುವುದು ಏನು ಎಂದು ತಿಳಿಯದೆ ಗಾಬರಿಯಿಂದ ಇನ್ನಷ್ಟು ಕಚ್ಚಿ ಹಿಡಿದರು. ರೈಲು, ಸೇತುವೆ, ಗಂಡ, ಹೆಂಡತಿ ಎಲ್ಲ ಒಂದೇ ತಾಳದಲ್ಲಿ ಕುಣಿಯುತ್ತಿರುವಾಗ ಅತ್ತೆಯವರು ಬಂದರು. ಒಂದು ಕ್ಷಣ ನಿಂತು ನೋಡಿದರು. ಗೋಡೆಯಿಂದ ಕುರ್ಚಿಯ ಪ್ಲಗ್ಗು ಕಿತ್ತರು.

ಕುರ್ಚಿ ನಿಂತಿತು. ಬಾಯಿ ಬಿಟ್ಟಿತು. ಡಾಕ್ಟರು ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಆಡಿದ ಮೊದಲ ಮಾತು:

"ಎಡಗಡೆ ದವಡೆ ಹಲ್ಲು ಹುಳುಕಾಗಿದೆ ಕಣೇ."

"ಇದನ್ನ ಹೇಳೋಕೆ ಕೈ ಹಾಕಿದ್ರಾ?"

"ಕಲೆಯೇನೋ ಅಂದ್ಕೊಂಡಿದ್ದೆ. ಹಲ್ಲಿನ ಬಲ ನೋಡಿದ್ರೆ ಇನ್ನೂ ಉಳಿಸ್ಬಹುದು."

ಟೀಚರಮ್ಮ ಸಿಟ್ಟು ಮಾಡಿಕೊಳ್ಳಲು ಹೋಗಿ, ಆ ಬೆರಳನ್ನು ನೋಡಿ, ಸಿಟ್ಟನ್ನು ಮರೆತು ಐಸು ತರಲು ಓಡಿದರು.

ಬೆರಳು ಬದನೆಕಾಯಿಯಂತೆ ಊದಿತು. ಆಸ್ಪತ್ರೆಗೆ ಬೀಗ ಬಿತ್ತು. ರೋಗಿಗಳು ಕಾರಣ ಕೇಳಿದರೆ, ಡಾಕ್ಟರಿಗೆ ಹಲ್ಲುನೋವು ಎಂದು ಹೇಳುವಂತೆ ನರ್ಸಿಗೆ ಟೀಚರಮ್ಮನೇ ಹೇಳಿಕೊಟ್ಟರು. ನೋವು ಹಲ್ಲಿನಿಂದಲೇ ಬಂದದ್ದಾದ್ದರಿಂದ ಅದು ಸುಳ್ಳಲ್ಲ ಎಂಬುದು ಅವರ ವಾದ. ಪಕ್ಕದ ಕಣ್ಣಿನ ಡಾಕ್ಟರು ಫೋನು ಮಾಡಿ, ತಾನೂ ಅಂಥ ಕುರ್ಚಿ ಕೊಳ್ಳಬೇಕೆಂದಿದ್ದೇನೆ, ದುಡ್ಡಿಗೆ ತಕ್ಕ ಪ್ರಯೋಜನ ಉಂಟೇ ಎಂದು ವಿಚಾರಿಸಿದರು. ಹಲ್ಲಿನ ಡಾಕ್ಟರು, ಸ್ವಲ್ಪ ಕಾಯಿರಿ, ನೋಡಿ ಹೇಳುತ್ತೇನೆ ಎಂದುಬಿಟ್ಟರು.

ಮುಂದಿನ ಭಾನುವಾರ, ಅಲ್ಲಾಟ ಪೂರ್ತಿ ಬಂದ್ ಮಾಡಿ, ಇಬ್ಬರೂ ಅದೇ ಕುರ್ಚಿಯಲ್ಲಿ ಕೂತರು. ಹಾಕಿದ್ದು ಮೆಲುದನಿಯ ಒಂದು ಹಳೆಯ ಸಿನಿಮಾ. ಅದರಲ್ಲಿ ಓಡುವ ರೈಲಿರಲಿಲ್ಲ, ಬಾಂಬೂ ಇರಲಿಲ್ಲ, ವಯಸ್ಸಾದ ಇಬ್ಬರು ಕಳೆದುಹೋದ ಕೊಡೆ ಹುಡುಕುತ್ತ ಊರೆಲ್ಲ ಅಲೆಯುತ್ತಿದ್ದರು. ಡಾಕ್ಟರು ಯಾವ ಆಸೆಯನ್ನೂ ಇಟ್ಟುಕೊಂಡಿರಲಿಲ್ಲ. ಕೊಡೆ ತಪ್ಪಿ ಇನ್ನಾರದೋ ಮನೆ ಸೇರಿದಾಗ ಅವರಿಗೆ ನಗು ಬಂತು. ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದರು.

ಟೀಚರಮ್ಮ ಕಣ್ಣರಳಿಸಿ ನೋಡುತ್ತ, ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗು ಇಬ್ಬರ ನಡುವೆ ಒಂದು ಸಲ ಆ ಕಡೆ ಹೋಗಿ, ಈ ಕಡೆ ಬಂತು. ಸಿನಿಮಾ ಮುಗಿದು, ಕೊನೆಯ ಹೆಸರು ಮೇಲೇರಿ ಮಾಯವಾದಾಗಲೂ ಅವರು ಎಚ್ಚರವಾಗಿಯೇ ಇದ್ದರು. ಕೊಡೆಯ ಬಣ್ಣ ಯಾವುದಿತ್ತು ಎಂದು ಡಾಕ್ಟರು ಪರೀಕ್ಷೆ ಮಾಡಿದರು. ಅದಕ್ಕೂ ಸರಿಯುತ್ತರ ಬಂತು. ಡಾಕ್ಟರು ಬ್ಯಾಂಡೇಜಿನ ಬೆರಳಿಗೆ ತಾಗದ ಹಾಗೆ ಹೆಂಡತಿಯ ಕೈ ಹಿಡಿದುಕೊಂಡು, ಸಿನಿಮಾ ಅಷ್ಟು ಇಷ್ಟವಾಯಿತೇ ಎಂದು ಕೇಳಿದರು.

"ಸಿನಿಮಾ ಚೆನ್ನಾಗೇ ಇತ್ತು," ಎಂದರು ಟೀಚರಮ್ಮ. "ಆದ್ರೆ ನಿಮ್ಮ ಪಕ್ಕದಲ್ಲಿ ಬಾಯಿ ಬಿಟ್ಕೊಂಡು ಮಲಗೋ ಧೈರ್ಯ ಇನ್ನು ಯಾರಿಗಿದೆ ರೀ?"