ಬಾಗಿನ ಪಡೆದ ಗಾಜಿನ ಕೆರೆಯ ಕುರಿತು ಕಾರ್ಯದರ್ಶಿಗಳಿಗೊಂದು ಬಿನ್ನಹ

ನಮ್ಮ ಕಾಲೇಜಿನ ಆಡಳಿತ ಸಂಘದ ಕಾರ್ಯದರ್ಶಿಗಳಾದ ಶ್ರೀ ಹೂವಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಮನೆಯವರಾದ ತಾಯಮ್ಮನವರು ಕ್ಷೇಮವೆಂದೂ, ಕಾಲೇಜಿನ ಹಾಲ್‌ನಲ್ಲಿರುವ ಇಪ್ಪತ್ತೊಂದು ಮೀನುಗಳು ಸದ್ಯಕ್ಕೆ ಕ್ಷೇಮವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಿವಿಲ್ ಡಿಪ್ಲೊಮಾ ಫಸ್ಟ್ ಇಯರ್‌ನ ಸೈಮಾ. ಆ ಮೀನಿನ ತೊಟ್ಟಿಯನ್ನು ತಾವು ಕೊಟ್ಟ ಅಳತೆಗೆ ಕಟ್ಟಿಕೊಟ್ಟ ಸೊರಬದ ಗಾಜಿನ ಕೆಲಸದ ಅಸ್ಲಂ ನನ್ನ ಅಪ್ಪ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದ ನನಗೆ ದೊಡ್ಡವರಿಗೆ ಕಂಪ್ಲೇಂಟ್ ಬರೆಯುವುದು ಲೆಟರ್ ರೈಟಿಂಗ್ ಪಾಠದ ಹೊರಗೆ ಅಭ್ಯಾಸವಿಲ್ಲ. ತಪ್ಪಿದ್ದಲ್ಲಿ ಮಾರ್ಕ್ಸ್ ಕಳೆದುಕೊಂಡು ಮುಂದೆ ಓದಬೇಕಾಗಿ ವಿನಂತಿ.

ಮೊದಲಿಗೆ ಅಭಿನಂದನೆ. ಕೆರೆ ತುಂಬಿದಾಗ ಬಾಗಿನ ಬಿಡುವುದನ್ನು ಶಿಕಾರಿಪುರದವರೂ ಸೊರಬದವರೂ ನೋಡಿಯೇ ಬೆಳೆದಿದ್ದೇವೆ. ಆದರೆ ಎಂಟು ಅಡಿ ಉದ್ದ, ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ, ನಲ್ಲಿ ಪೈಪಿನಿಂದ ತುಂಬಿದ ಗಾಜಿನ ತೊಟ್ಟಿಗೂ ಅದೇ ಗೌರವ ಸಲ್ಲಬೇಕೆಂದು ತಮಗಿಂತ ಮೊದಲು ಯಾರಿಗೂ ಹೊಳೆದಿರಲಿಲ್ಲ. ಉದ್ಘಾಟನೆಯ ದಿನ ಅರಿಶಿನ, ಕುಂಕುಮ, ಬಳೆ ತುಂಬಿದ ಮೊರವನ್ನು ತಾವು, ತಮ್ಮ ಹೆಸರಿನ ಹಿತ್ತಾಳೆ ಬೋರ್ಡಿನ ನೇರಕ್ಕೆ, ಫೋಟೋಗ್ರಾಫರ್ ಹೇಳಿದ ಹಾಗೆ ಸರಿಯಾಗಿ ನಡುಮಧ್ಯದಲ್ಲಿ ಬಿಟ್ಟಿರಿ. ಅದು ಮುಳುಗಲಿಲ್ಲ. ಅಲ್ಲಿ ತೊಟ್ಟಿಯ ಬಾಯಿಗೆ ಅಡ್ಡಲಾಗಿ, ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ, ಗೇಣಗಲದ ಗಾಜಿನ ಪಟ್ಟಿಯೊಂದನ್ನು ಅಪ್ಪ ಅಂಟಿಸಿದ್ದರು. ಊಟಕ್ಕೆ ಕರೆದ ನೆಂಟರ ಹಾಗೆ ಮೊರ ಅದರ ಮೇಲೆ ಆರಾಮಾಗಿ ಕೂತುಬಿಟ್ಟಿತು.

ಬದಿಗೆ ಬಿಟ್ಟರಾಯಿತಲ್ಲ ಎಂದು ತಾಯಮ್ಮನವರು ಮೆಲ್ಲಗೆ ಹೇಳಿದರು. ಆದರೆ ಬದಿಯಲ್ಲಿ ಬೋರ್ಡ್ ಇರಲಿಲ್ಲ. "ಅದೇನ್ ಕೆಲ್ಸ ಮಾಡ್ತತಿ ಅಲ್ಲಿ? ಸುಮ್ನೆ ಅಡ್ಡ ಕೂತತಿ. ತೆಗಿ ಜಟ್ಟಪ್ಪ ಅತ್ಲಾಗೆ" ಎಂದು ತಾವು ಅಟೆಂಡರಿಗೆ ಅಪ್ಪಣೆ ಮಾಡಿದಿರಿ. ಗುಂಪಿನ ಹಿಂದಿನಿಂದ ಅಪ್ಪ, "ಅದು ಎರಡೂ ಗಾಜಿನ ಕೈ ಹಿಡ್ಕಂಡೈತೆ ಸಾರ್, ಬಿಡಿಸ್ಬೇಡಿ" ಅಂದರು. ಜಟ್ಟಪ್ಪ ಅಷ್ಟರಲ್ಲಿ ಬ್ಲೇಡ್ ತಂದಾಗಿತ್ತು. ಪಟ್ಟಿ ಹೋಯಿತು, ಮೊರ ಮುಳುಗಿತು, ಚಪ್ಪಾಳೆ ಬಿತ್ತು. ಆ ಪಟ್ಟಿ ಈಗ ತಮ್ಮ ಚೇಂಬರಿನಲ್ಲಿ ಮೊಮೆಂಟೊಗಳಿಗೆ ಶೆಲ್ಫ್ ಆಗಿ ದುಡಿಯುತ್ತಿದೆ; ಅಲ್ಲಿ ಅದೇನು ಕೆಲಸ ಮಾಡುತ್ತದೆಂದು ಯಾರೂ ಕೇಳುವುದಿಲ್ಲ.

ಅಂದಿನಿಂದ ನಾನು ಊಟದ ಬೆಲ್ಲಿಗೆ ಮೊದಲು ಟೇಪ್ ಹಿಡಿದು ತೊಟ್ಟಿಯ ಬಾಯಿ ಅಳೆಯುತ್ತಿದ್ದೇನೆ. ಎರಡೂ ತುದಿಯಲ್ಲಿ ಎರಡು ಅಡಿ. ನಡುವೆ ಗಾಜು ಹೊರಕ್ಕೆ ಉಬ್ಬಿ, ಮೊದಲ ದಿನ ಎರಡು ಅಡಿಯ ಮೇಲೆ ಮೂರು ಮಿಲಿಮೀಟರ್, ವಾರ ಕಳೆಯುವಷ್ಟರಲ್ಲಿ ಆರು. ಒಳಗಿರುವುದು ಸಾವಿರದ ನೂರು ಲೀಟರ್. ಅಪ್ಪ ಹೊಸ ಪಟ್ಟಿ ಕತ್ತರಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದರು. ಅಂಟಿಸಬೇಕಾದರೆ ನೀರನ್ನು ಅರ್ಧಕ್ಕೆ ಇಳಿಸಬೇಕೆಂದರು. ಬಾಗಿನ ಪಡೆದ ನೀರನ್ನು ಹೊರಗೆ ಚೆಲ್ಲಿದರೆ ಸಂಸ್ಥೆಗೆ ಆಗಿಬರುವುದಿಲ್ಲ ಎಂದು ತಾವು ತೀರ್ಪು ಕೊಟ್ಟಿರಿ. ಸಾಲದ್ದಕ್ಕೆ, ಬಿಲ್ಲಿನ ಹಿಂಬದಿಗೆ ಅಪ್ಪ ಕೈಯಾರೆ ಬರೆದ ಐದು ವರ್ಷದ ಗ್ಯಾರಂಟಿಯನ್ನು ಬೆರಳಿಟ್ಟು ತೋರಿಸಿ, "ಒಡೆದ್ರೆ ನಿನ್ನ ಹೆಸ್ರೈತಲ್ಲ ಇಲ್ಲಿ" ಅಂದಿರಿ. ಅಪ್ಪ ಪಟ್ಟಿಯನ್ನು ಮತ್ತೆ ಸುತ್ತಿಕೊಂಡು ಬಸ್ ಹತ್ತಿದರು. ಮಾನ್ಯರೇ, ಸೊರಬದಲ್ಲಿ ಅವರ ಅಂಗಡಿಗೆ ಬೋರ್ಡ್ ಇಲ್ಲ. ಅಸ್ಲಂ ಕಟ್ಟಿದ್ದು ಸೋರುವುದಿಲ್ಲ ಅನ್ನುವ ಜನರ ಮಾತೊಂದೇ ಬೋರ್ಡ್.

ಈಗ ಎರಡು ವಾರದಿಂದ ನೀರು ದಿನಕ್ಕಿಷ್ಟು ಇಳಿಯುತ್ತಿದೆ. ಇಳಿದ ಹಾಗೆ ಆ ಮಿಲಿಮೀಟರುಗಳೂ ಒಂದೊಂದಾಗಿ ಇಳಿಯುತ್ತಿವೆ. ಎಲ್ಲೋ ಸೋರುತ್ತಿದೆಯೆಂದು ಪ್ರಿನ್ಸಿಪಾಲರು ಗಾಬರಿಯಾದಾಗ ತಾವು, "ಕೆರೆ ಅಂದ್ಮೇಲೆ ಬ್ಯಾಸ್ಗೆಗೆ ಇಳೀತತಿ" ಎಂದು ಸಮಾಧಾನ ಹೇಳಿದಿರಿ. ಯಾರೂ ಚೆಲ್ಲಬಾರದು, ತಾನಾಗಿ ಇಳಿದರೆ ದೋಷವಿಲ್ಲ ಎಂಬ ಈ ಸೂಕ್ಷ್ಮವನ್ನು ನಾವು ಹಾಸ್ಟೆಲ್ಲಿನವರು ನೋಟ್ಸ್ ಮಾಡಿಕೊಂಡಿದ್ದೇವೆ. ಆದರೆ ಮುಂದಿನ ಶುಕ್ರವಾರ ಅತಿಥಿಗಳು ಬರುತ್ತಾರೆಂದು ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಲು ಹೇಳಿದ್ದೀರಿ. ಅಂದೇ, ಅದೇ ಹಾಲ್‌ನಲ್ಲಿ ನಮ್ಮ ಇಂಟರ್ನಲ್ಸ್. ನನ್ನ ನಂಬರ್ ಹದಿನಾಲ್ಕು. ಡೆಸ್ಕಿಗೂ ಗಾಜಿಗೂ ಆರು ಅಡಿ.

ಆದ್ದರಿಂದ ತಾವು ದಯಮಾಡಿ ನೀರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಸುತ್ತೋಲೆ ಹೊರಡಿಸಬೇಕು: ಇನ್ನು ಮುಂದೆ ಕೆಳಕ್ಕೆ ಮಾತ್ರ ಒತ್ತತಕ್ಕದ್ದು, ಪಕ್ಕಕ್ಕೆ ಒತ್ತುವುದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಅದು ಕಷ್ಟವಾದರೆ, ನೀರು ಎಲ್ಲ ದಿಕ್ಕಿಗೂ ಒತ್ತುತ್ತದೆ ಎಂಬ ಸಾಲನ್ನಾದರೂ ನಮ್ಮ ಫಿಸಿಕ್ಸ್ ಪುಸ್ತಕದಿಂದ ಶುಕ್ರವಾರದೊಳಗೆ ತೆಗೆಸಬೇಕು. ಅದರ ಮೇಲೆ ಐದು ಮಾರ್ಕ್ಸಿನ ಪ್ರಶ್ನೆ ಬರುತ್ತದೆ, ನಿಜ ಬರೆದರೆ ಸಂಸ್ಥೆಗೆ ದ್ರೋಹವಾಗುತ್ತದೆಂಬ ಟೆನ್ಶನ್ನಿನಲ್ಲಿ ನಾನು ಮೂರು ದಿನದಿಂದ ಓದಿದ್ದು ತಲೆಗೆ ಹತ್ತುತ್ತಿಲ್ಲ. ಅದೂ ಆಗದಿದ್ದರೆ ಸಂಘದ ಸದಸ್ಯರು ಇಬ್ಬಿಬ್ಬರಂತೆ, ಒಬ್ಬರು ಮುಂದೆ ಒಬ್ಬರು ಹಿಂದೆ ನಿಂತು, ಗಾಜನ್ನು ಅಂಗೈಯಿಂದ ಒತ್ತಿ ಹಿಡಿಯುವ ಡ್ಯೂಟಿ ಹಾಕಿಕೊಳ್ಳಬೇಕು. ಮೊದಲ ಪಾಳಿ ತಮ್ಮದಿರಲಿ. ನಡುಮಧ್ಯದಲ್ಲೇ ನಿಲ್ಲಬೇಕಾದ್ದರಿಂದ ಫೋಟೋ ಚೆನ್ನಾಗಿ ಬರುತ್ತದೆ.

ಗಾಜಿನಿಂದ ಆರು ಅಡಿ ದೂರದಲ್ಲಿ ಕೂರಬೇಕಾದ,
ತಮ್ಮ ವಿಶ್ವಾಸಿ,
ಸೈಮಾ
ನಂಬರ್ ಹದಿನಾಲ್ಕು

ತಾ.ಕ.: ಈ ಪತ್ರ ಬರೆದದ್ದು ಗುರುವಾರ, ನೋಟಿಸ್ ಬೋರ್ಡಿಗೆ ಹಚ್ಚುತ್ತಿರುವುದು ಸೋಮವಾರ. ನಡುವೆ ಎರಡನೇ ಶನಿವಾರವೂ ಭಾನುವಾರವೂ ರಜೆಯಲ್ಲಿ ಕಳೆದವು. ಬೇಸಿಗೆಯ ಬಗ್ಗೆ ತಾವು ಹೇಳಿದ್ದು ತಪ್ಪಲ್ಲ. ಬೇಸಿಗೆಗೆ ಹಾಸ್ಟೆಲ್ಲಿನ ನಲವತ್ತೆರಡು ಹುಡುಗಿಯರು, ದಿನಕ್ಕೆ ತಲಾ ಒಂದು ವಾಟರ್ ಬಾಟಲಿಯಂತೆ, ಹದಿನಾಲ್ಕು ದಿನ ಸ್ವಲ್ಪ ಸಹಾಯ ಮಾಡಿದರು, ಅಷ್ಟೆ. ಒಂದು ಹನಿಯೂ ಚೆಲ್ಲಿಲ್ಲ; ಮೆಸ್ ಹಿಂದಿನ ದಾಸವಾಳ ಕುಡಿದು ಚೆನ್ನಾಗಿ ಹೂಬಿಟ್ಟಿದೆ. ನೀರು ಅರ್ಧಕ್ಕೆ ಬಂದಿತ್ತು, ಅಪ್ಪ ಬಂದು ಪಟ್ಟಿ ಅಂಟಿಸಿ ಹೋದರು. ಹಾಲ್‌ನ ಬೀಗ ತೆಗೆದವರು ಯಾರೆಂದು ನಾನು ನೋಡಲಿಲ್ಲ. ಅಂದು ಬ್ಲೇಡ್ ಹಿಡಿದಿದ್ದ ಕೈಯೇ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡಿತ್ತು ಎಂಬುದಷ್ಟು ಗೊತ್ತು. ಈಗ ತುದಿಯಲ್ಲೂ ಎರಡು ಅಡಿ, ನಡುವೆಯೂ ಎರಡು ಅಡಿ. ಶುಕ್ರವಾರ ಧಾರಾಳವಾಗಿ ತುಂಬಿಸಿ. ಅತಿಥಿಗಳ ಎದುರು ಮತ್ತೊಮ್ಮೆ ಬಾಗಿನ ಬಿಡುವ ಮನಸ್ಸಾದರೆ, ತಾಯಮ್ಮನವರು ತೋರಿಸಿದ ಬದಿಯ ಜಾಗ ಖಾಲಿಯಿದೆ. ತಮ್ಮ ಹೆಸರಿನ ಬೋರ್ಡನ್ನು ಅಲ್ಲಿಗೇ ಸರಿಸಿ ಹಚ್ಚಿದ್ದೇವೆ.