ಮಾಸ್ತರಿಗೊಂದು ಕಿಡ್ನಿ ಬೇಕಿತ್ತು

ಶಿರಸಿಯ ದವಾಖಾನೆಯೊಂದರಲ್ಲಿ ನಾನು ಕಂಪೌಂಡರ್ ಆಗಿದ್ದೆ. ಕಿಡ್ನಿ ಹೋದವರ ನೆಂಟರ ಮನೆಗೆ ಹೋಗಿ 'ನಿಮ್ಮದೊಂದು ಕೊಡ್ತೀರಾ' ಎಂದು ಕೇಳುವ ಕೆಲಸವನ್ನೂ ಡಾಕ್ಟರು ನನ್ನ ತಲೆಗೇ ಕಟ್ಟಿದ್ದರು. ಅವರಿಗೆ ಪುರುಸೊತ್ತಿಲ್ಲ, ನನಗೆ ನಾಚಿಕೆಯಿಲ್ಲ, ಅಷ್ಟೇ ಕಾರಣ. ಹಣೆ ಚಚ್ಚಿಕೊಳ್ಳುವ ಪ್ರಸಂಗ ತಿಂಗಳಿಗೆ ಒಂದಾದರೂ ಆಗುತ್ತಲೇ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಸಿಕ್ಕ ಸಿದ್ದಾಪುರ ಕಡೆಯ ಮಾಸ್ತರೊಬ್ಬರು ಮಾತ್ರ ವರ್ಷದ ಕೋಟಾ ಒಬ್ಬರೇ ಮುಗಿಸಿದರು.

ಅವರ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್. ಹೀಗೇ ಬಹಳ ದಿನ ತಳ್ಳಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೆಂಡತಿಗೆ ಸಕ್ಕರೆ ಕಾಯಿಲೆ, ತಾಯಿಗೆ ಎಪ್ಪತ್ತೈದು, ಮಕ್ಕಳು ಸಣ್ಣವು. ಬೇರೆ ನೆಂಟರನ್ನೇ ಹಿಡಿಯಬೇಕಿತ್ತು.

ಆಸರಿಗೆ

ಮೊದಲು ಹೋಗಿದ್ದು ಮಾಸ್ತರನ್ನೂ ಕರೆದುಕೊಂಡು ಅವರ ಸೋದರಮಾವನ ಮನೆಗೆ. ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡುವುದು ನಮ್ಮ ಪದ್ಧತಿ, ಅಂದರೆ ಕುಡಿಯಲು ಏನಾದರೂ. ಬೇಡ ಎಂದರೆ ಸಿಟ್ಟು. ಮಾಸ್ತರಿಗೋ ದಿನಕ್ಕೆ ಮುಕ್ಕಾಲು ಲೀಟರಿನ ಮೇಲೆ ಒಂದು ಗುಟುಕೂ ಕುಡಿಯುವ ಹಾಗಿಲ್ಲ. ಮಜ್ಜಿಗೆ ಬಂತು, ಮಾವ ಒಳಗೆ ತಿರುಗಿದ್ದೇ ತಡ ನಾನು ಇಬ್ಬರದೂ ಕುಡಿದೆ. ಕೋಕಂ ಬಂತು, ಅದೂ ನಾನೇ.

ಕೊನೆಗೆ ಕಿಡ್ನಿ ವಿಷಯ ತೆಗೆದೆ. ಮಾವ ಗಂಭೀರವಾಗಿ ಎದ್ದು ಹೋಗಿ ಒಂದು ಚೊಂಬು ಬಾಳೆದಿಂಡಿನ ರಸ ತಂದರು.

"ಕಿಡ್ನಿ ಎಂತಕ್ಕೆ ಮಾರಾಯಾ? ಇದನ್ನ ಕುಡಿ, ಎಲ್ಲ ಸರಿ ಆಗ್ತು."

ಅದು ಮಾಸ್ತರ ಹೊಟ್ಟೆಗೆ ಹೋದರೆ ಕಥೆ ಮುಗಿದಂತೆ. ಬೇರೆ ದಾರಿ ಕಾಣದೆ ಅದನ್ನೂ ನಾನೇ ಕುಡಿದೆ. ವಾಪಸ್ ಬರುವಾಗ ನನಗಾಗಿ ಬಸ್ಸು ಮೂರು ಕಡೆ ನಿಂತಿತು. ಮಾವನ ಕಿಡ್ನಿ ಸಿಗಲಿಲ್ಲ, ನನ್ನವೆರಡೂ ಗಟ್ಟಿಯಾಗಿವೆ ಎಂಬುದು ಮಾತ್ರ ಇಡೀ ಬಸ್ಸಿಗೆ ಗೊತ್ತಾಯಿತು.

ಗೋತ್ರ

ಮಾಸ್ತರ ತಂಗಿಯನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು. ಕೇಳಿದ ಕೂಡಲೇ ಅವಳು ಒಪ್ಪಿದಳು. ಅಡ್ಡ ಬಂದಿದ್ದು ಅವಳ ಅತ್ತೆ.

"ಮದುವೆ ಆದ ಮೇಲೆ ಇವಳ ಗೋತ್ರ ನಮ್ಮದಾತು. ಕಿಡ್ನಿಯೂ ನಮ್ಮ ಗೋತ್ರದ್ದೇ ಅಲ್ದಾ? ಅದು ಅವಂಗೆ ಹೋದ್ರೆ, ಸಂಧ್ಯಾವಂದನೆಗೆ ಅವ ಯಾವ ಗೋತ್ರ ಹೇಳವು?"

ಅಲ್ಲಿ ಒಂದು ಜೀವ ಹೋಗುತ್ತಿದೆ, ಇಲ್ಲಿ ಇವರಿಗೆ ಗೋತ್ರದ ಚಿಂತೆ. ಬಾಯಿಗೆ ಬಂದಿದ್ದನ್ನು ನುಂಗಿಕೊಂಡು ಪುರೋಹಿತರ ಹತ್ತಿರ ಹೋದೆ. ಅವರು ಎರಡು ದಿನ ಗ್ರಂಥ ತಿರುವಿ, "ದತ್ತು ಕೊಟ್ಟ ಹಾಗೆ ಲೆಕ್ಕ. ಹೋದ ಮನೆಯ ಗೋತ್ರವೇ ಅದಕ್ಕೂ" ಎಂದರು. ಅಬ್ಬಾ ಎಂದು ಉಸಿರು ಬಿಟ್ಟೆ.

ರಕ್ತ ಪರೀಕ್ಷೆಯಾಯಿತು. ಹೊಂದಲಿಲ್ಲ. ತಂಗಿ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೋತ್ರ ಬೇರೆ ಹೇಳಿ ಆನು ಮೊದ್ಲೇ ಹೇಳಿದ್ನಿಲ್ಯಾ?" ಎಂದರು.

ಎದುರುದಾರ

ಅಷ್ಟರಲ್ಲಿ ಮಾಸ್ತರ ಮುಖ ಊದಿ ಗುರುತು ಸಿಗದಂತಾಗಿತ್ತು. ಆಗ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಇವರಿಗೆ ಒಬ್ಬ ತಮ್ಮ ಇದ್ದಾನೆ" ಎಂದರು. ಪಕ್ಕದ ಮನೆಯಲ್ಲೇ. ತೋಟಕ್ಕೆ ಹೋಗುವ ದಾರಿಯ ಮೇಲೆ ಅಣ್ಣ-ತಮ್ಮಂದಿರ ಕೇಸು ಏಳು ವರ್ಷದಿಂದ ಕೋರ್ಟಿನಲ್ಲಿತ್ತಂತೆ, ಮಾತುಕತೆ ಇಲ್ಲವಂತೆ. ಮೂರು ತಿಂಗಳು ತಾಲ್ಲೂಕು ತಾಲ್ಲೂಕು ಸುತ್ತಿದ ನನಗೆ ಮೈಯೆಲ್ಲ ಉರಿಯಿತು.

"ಸತ್ತರೂ ಅವನನ್ನು ಕೇಳುವುದಿಲ್ಲ" ಎಂದರು ಮಾಸ್ತರು.

"ಸಾಯೋದಿದ್ದರೆ ಮೊದಲೇ ಹೇಳಬೇಕಿತ್ತು. ಅಷ್ಟೊಂದು ಬಾಳೆದಿಂಡು ಯಾರು ಕುಡೀತಿದ್ದರು?" ಎಂದು ಬೈದು, ನಾನೇ ಹೋದೆ.

ತಮ್ಮ ಎಲ್ಲ ಕೇಳಿಸಿಕೊಂಡು ಎಲೆಯಡಿಕೆಯ ಕವಳ ಹಾಕಿದ. ನಿಧಾನಕ್ಕೆ ಅಗಿದು, "ಎದುರುದಾರಂಗೆ ಕಿಡ್ನಿ ಕೊಟ್ರೆ ಎನ್ನ ಕೇಸು ಬಿದ್ದು ಹೋಗ್ತಾ ಎಂತ? ವಕೀಲರ ಕೇಳವು" ಎಂದ. ನಾನು ಕೈ ಮುಗಿದು ಎದ್ದು ಬಂದೆ.

ಮರುವಾರ ಹುಬ್ಬಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಅವನೇ ಕೂತಿದ್ದ. ವಕೀಲರು ಕೇಸಿಗೆ ಏನೂ ಆಗುವುದಿಲ್ಲ ಎಂದಿದ್ದರಂತೆ. ಮುಂದೆ ಮಾಸ್ತರು, ಹಿಂದೆ ತಮ್ಮ, ನಡುವೆ ನಾನು. ಪರೀಕ್ಷೆಯಲ್ಲಿ ಎಲ್ಲ ಹೊಂದಿತು. ಆಪರೇಶನ್ ದಿನವೇ ಕೇಸಿನ ತಾರೀಕೂ ಬಿತ್ತು. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಆಸ್ಪತ್ರೆಯ ಚೀಟಿ ಕೊಟ್ಟು ಮುಂದಿನ ತಾರೀಕು ಕೇಳಿದರು.

ಆಪರೇಶನ್ ಆದ ಮೂರನೇ ದಿನ ಮಾಸ್ತರು ನನ್ನ ಕೈ ಹಿಡಿದುಕೊಂಡು ಅತ್ತರು. "ತಪ್ಪಾಯಿತು ಅಂತ ತಮ್ಮನಿಗೆ ಹೇಳು. ಕೇಸು ಸಾಕು, ರಾಜಿ ಆಗೋಣ."

ನನ್ನ ಕಣ್ಣೂ ಒದ್ದೆಯಾಗಿತ್ತು. ಪಕ್ಕದ ವಾರ್ಡಿಗೆ ಹೋಗಿ ಹೇಳಿದೆ. ತಮ್ಮ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದ.

"ಅಣ್ಣಂಗೆ ಮೂತ್ರ ಸರಿ ಆಗ್ತಾ ಇದ್ದಾ?"

"ಚೆನ್ನಾಗಿ ಆಗ್ತಿದೆ."

ಕಣ್ಣು ಮುಚ್ಚಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ:

"ಕಿಡ್ನಿ ಅವಂದಾತು. ದಾರಿ ಮಾತ್ರ ಕೊಡ್ತ್ನಿಲ್ಲೆ."